ಇಬತ್ತಿ ಹಚ್ಚಿದ ಹೆಬ್ಬೆರಳು

ನಿನ್ನೆ ಹುಮನಾಬಾದಿನ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಒಬ್ಬ ಮುದುಕಿ ಬಂದಳು. "ತಮ್ಮಾ, ಇದರಾಗ ಮಂದಿ ಮಾತ ಕೇಳಸಂಗಿಲ್ಲ, ಏನಾಗ್ಯಾದ ನೋಡು" ಎಂದು ಸೆರಗಿನ ಗಂಟು ಬಿಚ್ಚಿ ಫೋನ್ ಕೊಟ್ಟಳು. ಕಿವಿಗೆ ಹಿಡಿಯುವ ಕಡೆ ಇರುವ ಸಣ್ಣ ಜಾಲರಿಯ ತುಂಬ ಬಿಳಿ ಪುಡಿ. ಸುಣ್ಣ ಇರಬೇಕು, ಎಲೆ ತಿನ್ನುವ ಕೈ ಎಂದು ಗೊಣಗಿಕೊಂಡು ಸೂಜಿಯಿಂದ ಕೆದರಿದೆ. ಪುಡಿ ಬೆರಳಿಗೆ ಬಂತು. ಸುಮ್ಮನೆ ಮೂಗಿನ ಹತ್ತಿರ ಒಯ್ದೆ... ಸುಣ್ಣವಲ್ಲ. ವಿಭೂತಿ. ನಮ್ಮ ಮನೆಯ ಮಾತಿನಲ್ಲಿ ಇಬತ್ತಿ.

ನನ್ನ ಕೈ ನಿಲ್ಲುವ ಜಾತಿಯದಲ್ಲ. ಚಹಾ ಕುಡಿಯುವಾಗಲೂ ಬೆರಳು ಮೇಜು ಬಾರಿಸುತ್ತಿರುತ್ತವೆ, ಕಾಲು ಕುಣಿಯುತ್ತಿರುತ್ತದೆ. "ಇವನ ಕಾಲಾಗ ಮೋಟಾರ್ ಇಟ್ಟು ಹಡದೀನಿ ನಾ" ಎಂದು ಅವ್ವ ಬೈಯುತ್ತಾಳೆ. ಅಂಥ ಕೈ ನಿನ್ನೆ ಸೂಜಿ ಹಿಡಿದುಕೊಂಡು ನಿಂತುಬಿಟ್ಟಿತು. ಮುದುಕಿ ಗಾಬರಿಯಾಗಿ, "ಕೆಟ್ಟೇ ಹೋಗ್ಯಾದೇನೋ?" ಎಂದು ಕೇಳಿದಳು. ಇಲ್ರಿ ಎಂದೆ. ಆದರೆ ನನಗೆ ನೆನಪಾಗಿದ್ದವಳು ನಮ್ಮ ವೈನಿ.

ವೈನಿ ಎಂದರೆ ನಮ್ಮಣ್ಣನ ಹೆಂಡತಿ. ಬಸವಕಲ್ಯಾಣದವಳು. ನಾವೆಲ್ಲ ಆ ಊರಿಗೆ ಬರೀ ಕಲ್ಯಾಣ ಎನ್ನುತ್ತೇವೆ. ಅಣ್ಣನಿಗೆ ಮನ್ನಾಏಖೇಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಮುಂಜಾನೆ ಬಸ್ ಹತ್ತಿದರೆ ಬರುವುದು ಸಂಜೆಗೇ. ಮಧ್ಯಾಹ್ನ ಊಟವಾಗಿ ಅವ್ವ ಅಡ್ಡಾದ ಮೇಲೆ ಮನೆ ಮೌನವಾಗುತ್ತಿತ್ತು. ಆ ಹೊತ್ತಿನಲ್ಲೇ ನಾನು ಫೋನಿನಲ್ಲಿ ಗುಂಡಿನ ಆಟ ಆಡುತ್ತಿದ್ದೆ. ಪರದೆಯಲ್ಲಿ ನಮ್ಮ ಮೈ ಕಾಣಿಸದ ಆಟ ಅದು. ಎರಡು ಕೈ, ಒಂದು ಬಂದೂಕು, ನಟ್ಟನಡುವೆ ಗುರಿಯ ಒಂದು ಚುಕ್ಕಿ, ಅಷ್ಟೇ. ವೈನಿ ಒಂದು ದಿನ ಬೆನ್ನ ಹಿಂದೆ ನಿಂತು ನೋಡಿದಳು. ನಾನು ಸತ್ತೆ. ಮತ್ತೆ ಆಡಿದೆ, ಮತ್ತೆ ಸತ್ತೆ.

"ನೀ ಯಾಕ ನೆಲಾ ನೋಡ್ಕೋತ ಓಡಾಕತ್ತಿ? ಅಲ್ಲೇನ್ ಬಂಗಾರ ಬಿದ್ದದೇನು?" ಎಂದಳು.

ನನಗೆ ಸಿಟ್ಟು ಬಂತು. ಆಟದ ಗಂಧಗಾಳಿ ಇಲ್ಲದವಳು ನನಗೆ ಹೇಳುವುದೇ? "ತಗೋರಿ, ನೀವ ಆಡ್ರಿ" ಎಂದು ಫೋನ್ ಕೈಗಿಟ್ಟೆ. ಮೊದಲ ಕೆಲವು ದಿನ ಅವಳೂ ಸತ್ತಳು. ಗೋಡೆಗೆ ಮುಖ ಹಚ್ಚಿ ನಿಂತುಬಿಡುತ್ತಿದ್ದಳು, ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಆ ಚುಕ್ಕಿಯನ್ನು ಮಾತ್ರ ಅವಳು ಎಂದೂ ಕೆಳಗಿಳಿಸಲಿಲ್ಲ. ಎದುರಿನವನ ತಲೆ ಎಷ್ಟು ಎತ್ತರದಲ್ಲಿ ಬರುತ್ತದೋ ಅಲ್ಲೇ ಹಿಡಿದು ನಡೆಯುತ್ತಿದ್ದಳು. ಮೂಲೆ ತಿರುಗುವಾಗ ಗೋಡೆಯ ಅಂಚಿನಿಂದ ಒಂದಿಷ್ಟು ಈಚೆಗೆ ಚುಕ್ಕಿ ಇಟ್ಟು ಕಾಯುತ್ತಿದ್ದಳು. ಎದುರಾಳಿ ತಾನಾಗಿ ಬಂದು ಆ ಚುಕ್ಕಿಯೊಳಗೆ ತಲೆ ಕೊಡುತ್ತಿದ್ದ. ಟಪ್. ಒಂದೇ ಗುಂಡು.

ನಾನು ಹಾಗಲ್ಲ. ಶತ್ರು ಕಂಡನೆಂದರೆ ಚುಕ್ಕಿಯನ್ನು ಅವನ ಬೆನ್ನು ಹತ್ತಿ ಓಡಿಸುತ್ತಿದ್ದೆ. ಓಡುತ್ತಲೇ ಗುಂಡು ಸುರಿಯುತ್ತಿದ್ದೆ. ಓಡುವವನ ಗುಂಡು ಅಡ್ಡಾದಿಡ್ಡಿ ಹೋಗುತ್ತವೆ, ಒತ್ತಿ ಹಿಡಿದರೆ ಬಂದೂಕು ಮೂಗು ಮೇಲೆತ್ತುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ, ಆದರೆ ಕೈ ಕೇಳಬೇಕಲ್ಲ. ವೈನಿ ಗುಂಡು ಹಾರಿಸುವ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದಳು. ಮೈಗೆ ನಾಲ್ಕೈದು ಗುಂಡು ಬೇಕಾಗುವಲ್ಲಿ ತಲೆಗೆ ಒಂದು ಸಾಕು, ಅಂದಮೇಲೆ ಅವಸರ ಯಾಕೆ ಎನ್ನುತ್ತಿದ್ದಳು.

"ಹ್ಯಾಂಗ ಬಂತ್ರಿ ವೈನಿ ಇದು?" ಎಂದು ಕೇಳಿದ್ದೆ ಒಮ್ಮೆ.

"ನಾ ಸಣ್ಣಾಕಿ ಇದ್ದಾಗ ನಮ್ಮಜ್ಜ ಲಿಂಗಪೂಜಿಗೆ ಕೂಡಿಸ್ತಿದ್ದ. ಅಂಗೈ ಮ್ಯಾಲಿನ ಲಿಂಗದ ಮ್ಯಾಲೆ ದೃಷ್ಟಿ ಇಡಬೇಕು. ಆಕಡಿ ಈಕಡಿ ನೋಡಿದ್ರ ತಲಿಗೆ ಟಪ್ ಅಂತ ಹೊಡೀತಿದ್ದ" ಎಂದು ನಕ್ಕಳು. "ನೀ ಅವನ ಹಿಂದ ಯಾಕ ಓಡ್ತಿ? ಅವ ಬರೂ ಜಾಗಾದಾಗ ನೀ ಮೊದಲ ಇರು."

ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಬೆರಳು ಬೆವರಿ ಪರದೆಗೆ ಅಂಟುತ್ತವೆ. ಚುಕ್ಕಿ ಜಾರುವ ಬದಲು ಜಗ್ಗುತ್ತದೆ. ವೈನಿ ಗೋಡೆಯಲ್ಲಿನ ದೇವರ ಮಾಡದಿಂದ ಇಬತ್ತಿ ಗಟ್ಟಿ ತಂದು ಎರಡೂ ಹೆಬ್ಬೆರಳಿಗೆ ತಿಕ್ಕಿಕೊಂಡು ಕೂರತೊಡಗಿದಳು. ಬಾಗಿಲಿಗೆ ಬೆನ್ನು, ತಲೆಯ ಮೇಲೆ ಸೆರಗು, ಬಾಗಿದ ಕುತ್ತಿಗೆ, ಅಂಗೈಯಲ್ಲಿ ಏನೋ. ಮೈ ಅಲುಗಾಡುವುದಿಲ್ಲ. ಒಂದು ದಿನ ಅವ್ವ ಬಾಗಿಲಲ್ಲಿ ಇಣುಕಿ ನೋಡಿ, ತುಟಿಗೆ ಬೆರಳಿಟ್ಟುಕೊಂಡು ಹಿಂದಕ್ಕೆ ಸರಿದಳು. ಅಂದಿನಿಂದ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು, "ನಮ್ಮ ಸೊಸಿ ಮಧ್ಯಾಹ್ನಾನೂ ಪೂಜಿಗೆ ಕೂಡ್ತಾಳ್ರಿ. ಕಲ್ಯಾಣದ ಹೆಣ್ಣು ನೋಡ್ರಿ, ಸಂಸ್ಕಾರ!" ನೆರೆಮನೆಯವರು ಆ ಹೊತ್ತಿನಲ್ಲಿ ಮಿಕ್ಸರ್ ಹಚ್ಚುವುದನ್ನೂ ಬಿಟ್ಟರು.

ಇಯರ್‌ಫೋನ್ ಕಿತ್ತು ಬಂದ ದಿನ ಬಣ್ಣ ಬಯಲಾಯಿತು. ಢಂ ಢಂ ಸದ್ದಿಗೆ ಅವ್ವ ಎದ್ದು ಓಡಿ ಬಂದಳು. ಫೋನ್ ನೋಡಿದಳು, ಬೆರಳ ಮೇಲಿನ ಇಬತ್ತಿ ನೋಡಿದಳು. "ಯವ್ವಾ! ಇದೇನ ನಿನ್ನ ಪೂಜಿ? ಮಂದೀ ತಲಿ ಹಾರ್ಸೂ ಪೂಜಿ?" ಎಂದಳು. ನಾನು ನಗು ತಡೆಯಲಾರದೆ ಬಚ್ಚಲಿಗೆ ಓಡಿದೆ. ಅವ್ವ ಕೆಲವು ದಿನ ಸೊಸೆಯನ್ನು ಮಾತಾಡಿಸಲಿಲ್ಲ. ಆಮೇಲೆ ಒಂದು ಪೌಡರ್ ಡಬ್ಬಿ ತಂದು ಅವಳ ಮುಂದೆ ಕುಕ್ಕಿದಳು. "ಆಡೂದಿದ್ರ ಆಡು. ಇಬತ್ತಿ ಮುಟ್ಟಬ್ಯಾಡ." ವೈನಿ ಪೌಡರ್ ಹಚ್ಚಿ ನೋಡಿದಳು. ಬೆವರಿಗೆ ಅದು ಹಿಟ್ಟಿನ ಹಾಗೆ ಗಂಟು ಕಟ್ಟಿತು. ಮತ್ತೆ ಇಬತ್ತಿಯೇ, ಈಗ ಕದ್ದು.

ಅಷ್ಟರಲ್ಲಿ ಅವಳು ತನ್ನ ಫೋನಿನಲ್ಲೇ ಆಟ ಹಾಕಿಸಿಕೊಂಡಿದ್ದಳು, ಒಂದು ತಂಡವೂ ಸಿಕ್ಕಿತ್ತು. ಮೂವರು ಕಾಲೇಜು ಹುಡುಗರು. ನಾಯಕ ಹುಲಸೂರಿನವ, ಉಳಿದಿಬ್ಬರು ಕಲ್ಯಾಣದವರು. ಯಾರನ್ನೂ ಅವಳು ಕಣ್ಣಿಂದ ಕಂಡಿರಲಿಲ್ಲ. ಎಲ್ಲರೂ ಮೈಕಿನಲ್ಲಿ ಕೂಗಾಡುತ್ತಿದ್ದರು, ವೈನಿ ಒಬ್ಬಳು ಮೈಕ್ ಹಚ್ಚುತ್ತಿರಲಿಲ್ಲ. ಅದಕ್ಕೂ ಮೊದಲು ಗುರುತಿಲ್ಲದವರ ಜೊತೆ ಆಡುವಾಗ ಒಮ್ಮೆ ಮಾತಾಡಿದ್ದಳಂತೆ. "ಆಟ ಬಿಟ್ಟು ನನ್ನ ಧ್ವನಿ ಹಿಂದ ಬಿದ್ರು ಭಾಡ್ಯಾಗೋಳು. ಏನೇನ್ ಅಂದ್ರು ನಿನ್ನ ಮುಂದ ಹೇಳಾಕ ಬರಂಗಿಲ್ಲ" ಎಂದಿದ್ದಳು. ಅಂದಿನಿಂದ ಅವಳ ಮಾತೆಲ್ಲ ಗುಂಡಿನಲ್ಲಿ. ಶತ್ರು ಎಡಕ್ಕಿದ್ದರೆ ಗೋಡೆಗೆ ಒಂದು ಗುಂಡು, ಬಲಕ್ಕಿದ್ದರೆ ಎರಡು. ಆಟ ಮುಗಿಸಿ ಏಳುವಾಗ ಆಕಾಶಕ್ಕೆ ಒಂದು. ಹುಡುಗರೂ ಆಕಾಶಕ್ಕೆ ಒಂದೊಂದು ಹಾರಿಸಿ ಉತ್ತರ ಕೊಡುತ್ತಿದ್ದರು. ಇದೇನೆಂದು ಕೇಳಿದರೆ, "ಎದ್ದು ಹೊಂಟಾಗ ಹೋಗ್ತೀನಿ ಅನಬಾರದು, ಬರ್ತೀನಿ ಅನಬೇಕು. ಅದು ಬರ್ತೀನಿ" ಎಂದಳು.

ಒಂದು ದಿನ ಹುಲಸೂರಿನವ, "ಭಾಯ್, ನೀ ಮೂಗ ಇದ್ದಿ ಏನ್?" ಎಂದು ಕೇಳಿದ. ವೈನಿ ಸಿಟ್ಟಿಗೆದ್ದು ಗೋಡೆಗೆ ಒಂದು ಗುಂಡು ಹೊಡೆದಳು. ಅವ ಅದನ್ನು ಹೌದು ಎಂದು ತಿಳಿದುಕೊಂಡ. ಧ್ವನಿ ಮೆತ್ತಗಾಯಿತು. "ಮಾಫ್ ಮಾಡು ಭಾಯ್. ಏ, ಇನ್ನ ಯಾರೂ ಅವನ ಮಜಾಕ್ ಮಾಡಬ್ಯಾಡ್ರಿ ಮತ್ತ" ಎಂದು ಉಳಿದವರಿಗೆ ತಾಕೀತು ಮಾಡಿದ. ವೈನಿ ಫೋನ್ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಸಂಜೆ ರೊಟ್ಟಿ ತಟ್ಟುವಾಗ ಮಾತ್ರ ಮುಖ ಸಪ್ಪಗಿತ್ತು. "ಪಾಪ, ಛಲೋ ಹುಡುಗ್ರು. ಈಗ ಬಾಯಿ ತೆಗದ್ರ ಮೋಸ ಮಾಡಿದಂಗ ಆಗ್ತದಲ್ಲೋ" ಎಂದಳು.

ಅವಳಿಗೆ ಅದೊಂದು ಚಡಪಡಿಕೆ ಹತ್ತಿಕೊಂಡಿತು. ದಿನಾ ಮಧ್ಯಾಹ್ನ ಮೈಕಿನ ಗುರುತಿನ ಮೇಲೆ ಹೆಬ್ಬೆರಳು ಒಯ್ಯುವಳು, ತೆಗೆಯುವಳು. ಆ ಹುಡುಗರಿಗೆ ತಾನು ಯಾರೆಂದು ಹೇಳಬೇಕು, ಹೇಳಿದ ಮೇಲೂ ಅವರು ತನ್ನ ಜೊತೆ ಹೀಗೆಯೇ ಆಡಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಹೇಳದೆ ಇರಲೂ ಆಗದು, ಹೇಳಿ ಕಳೆದುಕೊಳ್ಳಲೂ ಆಗದು. ನೋಡಿ ನೋಡಿ ನನಗೇ ತಲೆ ಕೆಟ್ಟು, "ಒಮ್ಮೆ ಒತ್ತಿ ಬಿಡ್ರಿ ವೈನಿ!" ಎಂದು ಒದರುತ್ತಿದ್ದೆ.

ಆಗ ಕಲ್ಯಾಣದಲ್ಲಿ ಇದೇ ಆಟದ ಒಂದು ಪಂದ್ಯ ನಿಗದಿಯಾಯಿತು. ತಂಡಗಳು ಒಂದು ಸಭಾಂಗಣದಲ್ಲಿ ಎದುರುಬದುರು ಕುಂತು ಆಡುವುದು. "ಬರ್ಬೇಕ್ ಭಾಯ್, ನೀ ಇಲ್ಲಂದ್ರ ನಾವು ಆಡಂಗಿಲ್ಲ" ಎಂದ ಹುಲಸೂರಿನವ. ವೈನಿ ಹೌದೆಂದು ಗೋಡೆಗೆ ಗುಂಡು ಹೊಡೆಯಲಿಲ್ಲ. ಅಂದು ರೊಟ್ಟಿ ಹೊತ್ತಿದವು. ಊಟಕ್ಕೆ ಕೂತಾಗ ಅಣ್ಣನನ್ನು ಕೇಳಿಯೇಬಿಟ್ಟಳು. ಅಣ್ಣ ಕೆಟ್ಟವನಲ್ಲ, ಆದರೆ ಮುಖ ಗಂಟು ಹಾಕಿದ. "ಅಷ್ಟ ಹುಡುಗರ ನಡುವ ನೀ ಒಬ್ಬಾಕೀನೇ?"

ಒಳಗಿನಿಂದ ಅವ್ವನ ಧ್ವನಿ ಬಂತು. "ಹೋಗ್ಲಿ ಬಿಡೋ. ತವರಿಗೂ ಹೋಗಿ ಬಂದಂಗ ಆಗ್ತದ. ತಮ್ಮ ಹೋಗ್ತಾನ ಜೋಡಿಗೆ."

ವೈನಿ ಅವ್ವನ ಮುಖ ನೋಡಿದ ರೀತಿ ಇನ್ನೂ ನನ್ನ ಕಣ್ಣಲ್ಲಿದೆ... "ಮೈಕ್ ಯಾಕ ಬೇಕೋ ಇನ್ನ? ಕಲ್ಯಾಣದಾಗ ಎದುರಿಗೆ ನಿಂತು ಬಾಯಿಲೆ ಹೇಳ್ತೀನಿ" ಎಂದು ನನಗೆ ಹೇಳಿದಳು. ಯಾವ ಸೀರೆ ಉಡಬೇಕು, ಮೊದಲ ಮಾತು ಏನಾಡಬೇಕು ಎಲ್ಲ ಲೆಕ್ಕ ಹಾಕಿದಳು. "ನಾನ ನಿಮ್ಮ ಭಾಯ್ ಅಂದ್ರ ಹ್ಯಾಂಗ?" ಎಂದು ಕೇಳಿ ತಾನೇ ನಕ್ಕಳು.

ಪಂದ್ಯಕ್ಕೆ ಇನ್ನೂ ವಾರವಿತ್ತು, ಜ್ವರ ಬಂತು. ಬಿಸಿಲಿನ ಝಳ ಎಂದುಕೊಂಡೆವು. ಗುಳಿಗೆ ನುಂಗಿ ಎರಡು ದಿನ ಆಡಿದಳು ಕೂಡ. ಆಮೇಲೆ ಏಳಲಾಗಲಿಲ್ಲ. ಇಲ್ಲಿಯ ಡಾಕ್ಟರು ಡೆಂಗೆ ಎಂದರು, ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತಿವೆ, ಹೈದರಾಬಾದಿಗೆ ಒಯ್ಯಿರಿ ಎಂದರು. ಗಾಡಿ ಹತ್ತುವಾಗ ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ "ಬರ್ತೀನ್ರಿ ಅತ್ತಿ" ಎಂದಳು. ಹೆದ್ದಾರಿಯಲ್ಲಿ ಮನ್ನಾಏಖೇಳ್ಳಿ ದಾಟುವಾಗ ಮುಚ್ಚಿದ ಅಣ್ಣನ ಅಂಗಡಿಯ ಶಟರ್ ಕಂಡಿತು. ಅಣ್ಣ ಅದನ್ನು ನೋಡಲೂ ಇಲ್ಲ, ವೈನಿಯ ಕೈ ಹಿಡಿದು ಕುಂತಿದ್ದ. ಬರುವಾಗ ಅದೇ ದಾರಿಯಲ್ಲಿ ಅವಳನ್ನು ಮಲಗಿಸಿಕೊಂಡು ಬಂದೆವು... ಏನು ಬರೆಯಲಿ. ಅಷ್ಟು ಗಟ್ಟಿ ಹೆಣ್ಣುಮಗಳು, ಒಂದು ಸೊಳ್ಳೆ ಕಚ್ಚಿ ಹೋದಳು.

ಅವಳ ಮಣ್ಣು, ದಿನಕಾರ್ಯ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳ ಫೋನ್ ತೆರೆದೆ. ಹುಡುಗರು ಸಾಲುಸಾಲಾಗಿ ಸಂದೇಶ ಕಳಿಸಿದ್ದರು. ಪಂದ್ಯದ ದಿನ ದಾಟಿಹೋಗಿತ್ತು. ಅವರು ಆಡಿರಲಿಲ್ಲ. ತಿಳಿಸಲೇಬೇಕು ಎಂದು ಕುಂತರೆ ಅವ್ವ ಬಂದಳು. ನನ್ನ ಮುಂದೆ ಇಬತ್ತಿ ಗಟ್ಟಿ ಇಟ್ಟಳು. "ಹಚ್ಚಿಕೋ. ಆಕಿ ಹಚ್ಚಿಕೊಂಡ ಕೂಡ್ತಿದ್ಳು" ಎಂದು ಪಕ್ಕದಲ್ಲೇ ಕುಂತಳು.

ನಾನು ಆಟದ ಒಳಗೆ ಹೋದದ್ದೇ ತಡ, ಹುಲಸೂರಿನವ ಕೂಗಿದ. "ಭಾಯ್! ಎಲ್ಲಿ ಸತ್ತಿದ್ದೀ ಇಷ್ಟ ದಿನ?" ಅವನು ಆಗಲೇ ತಾಲೀಮಿನ ಆಟ ಶುರು ಮಾಡಿದ್ದ, ಹೊರಗಿನವರು ಯಾರೂ ಇಲ್ಲ, ನಮ್ಮ ನಮ್ಮಲ್ಲೇ. ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತ ನಡೆದೆ. ಕಲ್ಯಾಣದ ಒಬ್ಬ ಎದುರಾದ. ನನ್ನ ಕೈ ತನ್ನ ಹಳೆಯ ಚಾಳಿಯಂತೆ ಅವನ ಬೆನ್ನು ಹತ್ತಿ ಗುಂಡು ಸುರಿಯಿತು. ಒಂದೂ ತಾಗಲಿಲ್ಲ.

"ನಿಂದ್ರಿ ನಿಂದ್ರಿ" ಎಂದ ಹುಲಸೂರಿನವ. "ಇವ ನಮ್ಮ ಭಾಯ್ ಅಲ್ಲ. ನಮ್ಮ ಭಾಯ್ ನೆಲಾ ನೋಡಿ ನಡಿಯಂಗಿಲ್ಲ. ಏ, ಯಾರೋ ನೀ? ಅವನ ಫೋನ್ ಕದ್ದಿ ಏನ್?"

ಮೈಕ್ ಹಚ್ಚಿದೆ. "ಅವನಲ್ಲ ಅಣ್ಣಾ. ಅವಳು. ನಮ್ಮ ವೈನಿ" ಎಂದೆ. ಅವರು ಮೂಗರಲ್ಲ, ಕಲ್ಯಾಣಕ್ಕೆ ಬಂದು ನಿಮಗೆ ತಾವೇ ಹೇಳುವವರಿದ್ದರು, ಜ್ವರ ಬಂತು, ಉಳಿಯಲಿಲ್ಲ ಎಂದೆ. ಆ ಕಡೆಯಿಂದ ಯಾರದೋ ಮನೆಯ ಕುಕ್ಕರ್ ಸೀಟಿ ಕೇಳಿಸಿತು.

ಹುಲಸೂರಿನವ, "ಅಕ್ಕಾನಾ..." ಎಂದ. ಆಟದಲ್ಲೇ ನಡೆದು ಬಂದು ನನ್ನೆದುರು ನಿಂತ. ಬಂದೂಕು ಮೇಲೆತ್ತಿ ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಇನ್ನೊಬ್ಬ ಹಾರಿಸಿದ, ಮತ್ತೊಬ್ಬ ಹಾರಿಸಿದ. ಹಾರಿಸಿ ಮೂವರೂ ನಿಂತೇ ಇದ್ದರು, ಉತ್ತರಕ್ಕೆ. ನಾನೂ ಚುಕ್ಕಿಯನ್ನು ಆಕಾಶಕ್ಕೆ ಒಯ್ದೆ. ಇಬತ್ತಿ ಹಚ್ಚಿದ ಬೆರಳು ಗುಂಡಿಯ ಮೇಲಿತ್ತು. ಆ ಗುಂಡಿನ ಅರ್ಥ ಬರ್ತೀನಿ ಎಂದಲ್ಲವೇ? ಹೇಗೆ ಒತ್ತಲಿ? ಒತ್ತಲಿಲ್ಲ. ಅವ್ವ ಫೋನನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು.

ಇದಾಗಿ ವರ್ಷಗಳಾದವು. ನಾನೀಗ ಆ ಆಟ ಆಡುವುದಿಲ್ಲ. ಫೋನ್ ರಿಪೇರಿಗೆ ಕೊಟ್ಟ ಹುಡುಗರು ಅಂಗಡಿಯ ಕಟ್ಟೆಯ ಮೇಲೆ ಇನ್ನೊಬ್ಬರ ಫೋನಿನಲ್ಲಿ ಆಡುತ್ತ ಕೂರುತ್ತಾರೆ. ಅವರ ಚುಕ್ಕಿ ನೆಲಕ್ಕಿಳಿದರೆ ನನಗೆ ತಡೆಯಲಾಗುವುದಿಲ್ಲ, ಕೆಲಸ ಬಿಟ್ಟು "ಮ್ಯಾಲ ಹಿಡಿಯೋ!" ಎಂದು ಒದರುತ್ತೇನೆ. ಅವರು ನಗುತ್ತಾರೆ.

ಮುದುಕಿಯ ಫೋನ್ ನಿನ್ನೆಯೇ ಸರಿಹೋಯಿತು. ನನ್ನ ಫೋನಿನಿಂದ ಕರೆ ಮಾಡಿ "ಹಲೋ, ಕೇಳಸ್ತದೇನ್ರಿ ಯವ್ವಾ?" ಎಂದೆ. ಎದುರಿಗೇ ನಿಂತು ಫೋನ್ ಕಿವಿಗೆ ಹಚ್ಚಿಕೊಂಡು, "ಕೇಳಸ್ತು ಕೇಳಸ್ತು!" ಎಂದು ಬಾಯಿತುಂಬ ನಕ್ಕಳು. ಫೋನ್ ಸೆರಗಿಗೆ ಗಂಟು ಹಾಕಿಕೊಂಡು ಮೆಟ್ಟಿಲಿಳಿಯುತ್ತ ತಿರುಗಿದಳು.

"ಬರ್ತೀನಿ ತಮ್ಮಾ."

"ಹ್ಞೂಂ... ಬರ್ರಿ ಯವ್ವಾ" ಎಂದೆ. ಅವಳು ರಸ್ತೆ ದಾಟಿ ಬಸ್ ನಿಲ್ದಾಣದ ಮಂದಿಯಲ್ಲಿ ಮರೆಯಾಗುವ ತನಕ ನೋಡುತ್ತ ಕುಂತಿದ್ದೆ. ಬೆರಳಿಗೆ ಹತ್ತಿದ್ದ ಇಬತ್ತಿಯನ್ನು ಒರೆಸಿಕೊಳ್ಳಲಿಲ್ಲ.