ಮೌನಸಂಧಿಯಲ್ಲಿ ಸಿಕ್ಕ ಏಳನೆಯ ಪುಸ್ತಿಕೆ

ಪುಸ್ತಕಕ್ಕೆ ಕಾಲು ತಗುಲಿದರೆ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ ಈ ಐವತ್ತರ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ಅದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ, ನಮ್ಮ ಕಡೆ ಹುಟ್ಟಿದವರೆಲ್ಲ ಮಾಡುವುದೇ ಅಲ್ಲವೇ ಎಂದು ನೀವು ಕೇಳಬಹುದು. ಮೊನ್ನೆ ಭಾನುವಾರ ನಾನು ಹಾಗೆ ಕಣ್ಣಿಗೆ ಒತ್ತಿಕೊಂಡದ್ದು ‘ಸರಸ್ವತಿ ಎಂಬ ಕಲ್ಪನೆ’ ಎಂಬ ಪುಸ್ತಿಕೆಯನ್ನು. ನನ್ನ ನಾಸ್ತಿಕ ಸಾಹಿತ್ಯ ಸಂಪತ್ತನ್ನೆಲ್ಲ ಪಡಸಾಲೆಯ ತುಂಬ ಬಿಸಿಲಿಗೆ ಹರವಿಕೊಂಡು ಕುಳಿತಿದ್ದವನು ಏಳಲು ಹೋಗಿ ಅದನ್ನು ತುಳಿದೆ; ಮಿದುಳು ವಿಚಾರ ಮಾಡುವ ಮೊದಲೇ ಕೈ ತನ್ನ ಕೆಲಸ ಮುಗಿಸಿತ್ತು. ಚಹಾ ಹಿಡಿದು ಬಂದ ನನ್ನ ಹೆಂಡತಿ ಗಿರಿಜಾ ಹೊಸಿಲಲ್ಲೇ ನಿಂತು ನೋಡಿದಳು.

“ದೇವರಿಲ್ಲ ಅಂತ ಬರದ ಹಾಳಿಗೂ ಕೈ ಮುಗೀತೀರಲ್ರೀ, ಬರದಾತ ನೋಡಿದ್ರ ಎದಿ ಒಡಕೊಂತಿದ್ದ.”

ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ನನ್ನ ವೈಚಾರಿಕತೆಯನ್ನು ಇಷ್ಟು ಅಗ್ಗವಾಗಿ ಸೋಲಿಸಿದವರು ಬೇರೊಬ್ಬರಿಲ್ಲ. ನಾನು ಚಹಾದ ಕಪ್ಪಿಗೆ ಕೈ ಚಾಚಿದೆ.

ನನ್ನದು ಅಂಚೆ ಇಲಾಖೆಯಲ್ಲಿ ಮೇಲ್ ಓವರ್‌ಸಿಯರ್ ಎಂಬ ತಿರುಗಾಟದ ನೌಕರಿ. ವಾಸ ಕೊಟ್ಟೂರಿನಲ್ಲಿ; ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿ ಹಳ್ಳಿಗೆ ಹೋಗಿ ಅಲ್ಲಲ್ಲಿನ ಅಂಚೆ ಮನೆಗಳನ್ನು ತಪಾಸಣೆ ಮಾಡುವುದು ಉದ್ಯೋಗ. ಅಂಚೆಯವನಾಗಿ ನಾನು ಅಂಚೆಚೀಟಿ ಕೂಡಿಡಬೇಕಿತ್ತು. ವಿಧಿಯನ್ನು ನಂಬದ ನನಗೆ ವಿಧಿ ಗಂಟುಹಾಕಿದ್ದು ಎಂಟಾಣೆಯ ಪುಸ್ತಿಕೆಗಳನ್ನು. ಬಹಳ ಹಿಂದೆ ಹರಪನಹಳ್ಳಿಯ ಒಂದು ಸಣ್ಣ ಅಚ್ಚುಕೂಟದಲ್ಲಿ, ಲಗ್ನಪತ್ರಿಕೆಗಳ ಕೆಲಸ ಇಲ್ಲದ ದಿನಗಳಲ್ಲಿ, ಅದರ ಯಜಮಾನರು ‘ಕಂದೀಲು ಮಾಲೆ’ ಎಂಬ ಹೆಸರಿನಲ್ಲಿ ಹನ್ನೆರಡು ಪುಸ್ತಿಕೆಗಳನ್ನು ತಾವೇ ಬರೆದು ತಾವೇ ಮುದ್ರಿಸಿದ್ದರು. ಜ್ಯೋತಿಷ್ಯ, ದೆವ್ವ, ಹಲ್ಲಿಶಕುನ, ಸ್ವರ್ಗ, ನರಕ, ಯಾವುದನ್ನೂ ಅವರು ಬಿಟ್ಟಿರಲಿಲ್ಲ. ರಕ್ಷಾಪುಟಕ್ಕೆ ಲಗ್ನಪತ್ರಿಕೆಯದೇ ಗುಲಾಬಿ ಕಾಗದ. ಅವರಲ್ಲಿದ್ದ ಅಲಂಕಾರದ ಅಚ್ಚು ಒಂದೇ, ಲಗ್ನಪತ್ರಿಕೆಯ ನೆತ್ತಿಯ ಮೇಲೆ ಕೂರುವ ಗಣಪತಿಯದು. ಹೀಗಾಗಿ ದೇವರ ಅಸ್ತಿತ್ವವನ್ನು ಇಪ್ಪತ್ತನಾಲ್ಕು ಪುಟಗಳಲ್ಲಿ ನಿರ್ದಾಕ್ಷಿಣ್ಯವಾಗಿ ಖಂಡಿಸಿದ ಮೇಲೆ ಕೊನೆಗೆ ಉಳಿದ ಖಾಲಿ ಜಾಗದಲ್ಲಿ ಗಣಪತಿ ಮೋದಕ ಹಿಡಿದು ನಿರಾತಂಕವಾಗಿ ಕುಳಿತಿರುತ್ತಾನೆ.

ಇವುಗಳನ್ನು ಕಲೆಹಾಕಲು ನಾನು ಪಟ್ಟ ಪಾಡು ಯಾವ ಭಕ್ತನೂ ಪಟ್ಟಿರಲಾರ. ಮೂರನೆಯದು ಹಡಗಲಿಯಲ್ಲಿ ಮಂಡಕ್ಕಿ ಮಿರ್ಚಿಯ ಪೊಟ್ಟಣವಾಗುವ ಸರದಿಯಲ್ಲಿತ್ತು. ಮಿರ್ಚಿ ಬಿಟ್ಟು ಕಾಗದ ಕೇಳಿದ ನನ್ನನ್ನು ಅಂಗಡಿಯಾಕೆ ಕನಿಕರದಿಂದ ನೋಡಿದಳು. ಐದನೆಯದು ಹಗರಿಬೊಮ್ಮನಹಳ್ಳಿಯ ಲಾಡ್ಜೊಂದರಲ್ಲಿ ಅಲುಗಾಡುವ ಮಂಚದ ಕಾಲಿನ ಕೆಳಗೆ, ಮಡಿಚಿ ಮಡಿಚಿ, ಸಮಾಜವನ್ನು ಆಗದಿದ್ದರೂ ಮಂಚವನ್ನಾದರೂ ಸಮತೋಲನದಲ್ಲಿಟ್ಟಿತ್ತು. ಹರಪನಹಳ್ಳಿ ಕಡೆಯ ಅರಸೀಕೆರೆಯ ನಿವೃತ್ತ ಮಾಸ್ತರರೊಬ್ಬರು ಟ್ರಂಕು ತೆರೆದು ಒಟ್ಟಿಗೇ ನಾಲ್ಕು ಕೊಟ್ಟಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಅವುಗಳ ವಾಸನೆ ನೋಡುತ್ತ ಊರು ಸೇರಿದ್ದೇನೆ. ಹತ್ತು ವರ್ಷದಲ್ಲಿ ಹನ್ನೊಂದು ಕೂಡಿದವು. ಏಳನೆಯದು ಮಾತ್ರ ಇಲ್ಲ.

ನನಗೆ ಬೇಕಾಗಿದ್ದುದೇ ಏಳನೆಯದು. ಉಳಿದ ಹನ್ನೊಂದು ಅದರ ದಾರಿ ಹುಡುಕುತ್ತ ಸಿಕ್ಕವು ಎಂದರೂ ನಡೆದೀತು. ಹತ್ತನೆಯ ತರಗತಿಯಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ಹಣೆಯಲ್ಲಿ ವಿದ್ಯೆ ಬರೆದಿಲ್ಲವೆಂದು ಮನೆಯಲ್ಲಿ ತೀರ್ಮಾನವಾಗಿ, ನನಗೂ ಅದು ಒಪ್ಪಿಗೆಯಾಗಿ, ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಕೂಡಿಸಿದ್ದರು. ಆಗ ಗೆಳೆಯನೊಬ್ಬ ಒಂದೇ ದಿನದ ಮಟ್ಟಿಗೆ ಕೊಟ್ಟ ಪುಸ್ತಿಕೆ ಅದು: ‘ಹಣೆಬರಹಕ್ಕೆ ಶಾಯಿ ಎಲ್ಲಿಯದು?’ ಓದಿ ಮುಗಿಸಿ ಕನ್ನಡಿಯ ಮುಂದೆ ನಿಂತು ಹಣೆ ಉಜ್ಜಿ ನೋಡಿಕೊಂಡೆ. ಮೂರನೆಯ ಸಲ ಪಾಸಾದೆ. ಈ ನೌಕರಿ, ಈ ಮನೆ, ನನ್ನನ್ನು ಗೇಲಿ ಮಾಡುವ ಗಿರಿಜಾ, ಎಲ್ಲ ಆ ಇಪ್ಪತ್ತನಾಲ್ಕು ಪುಟದಿಂದ ಬಂದದ್ದು. ಅದನ್ನು ಇನ್ನೊಮ್ಮೆ ಕೈಯಲ್ಲಿ ಹಿಡಿಯದೆ ಸಾಯಬಾರದೆಂದು ನನಗೆ ನಿಜವಾಗಿಯೂ ಅನಿಸುತ್ತಿತ್ತು.

ಅದು ಸಿಕ್ಕಿದ್ದು ನಾನು ಹುಡುಕದ ಜಾಗದಲ್ಲಿ. ಕಾನಹೊಸಹಳ್ಳಿ ಹತ್ತಿರದ ಒಂದು ಹಳ್ಳಿಯ ಅಂಚೆ ಮಾಸ್ತರರು ಕೊಟ್ರಯ್ಯನವರು. ಹಗಲು ಅಂಚೆ, ಶ್ರಾವಣ ಬಂತೆಂದರೆ ಸಂಜೆ ತಮ್ಮ ಮನೆಯ ಪಡಸಾಲೆಯಲ್ಲಿ ತಿಂಗಳಿಡೀ ಪುರಾಣ ಓದುವುದು ತಂದೆಯ ಕಾಲದಿಂದ ಬಂದ ಪದ್ಧತಿ. ಮೂರು ವರ್ಷದ ಹಿಂದೆ ತಪಾಸಣೆಗೆಂದು ಹೋದ ನಾನು ಬಸ್ಸು ಕೆಟ್ಟು ಅಲ್ಲೇ ಉಳಿಯಬೇಕಾಯಿತು. “ಸಾಹೇಬ್ರ, ಇವತ್ತ ಮೌನಸಂಧಿ ಐತಿ, ಕುಂದರ್ರಿ” ಎಂದು ಪಕ್ಕದಲ್ಲೇ ಚಾಪೆ ಹಾಸಿದರು.

ಪಡಸಾಲೆ ಕಿಕ್ಕಿರಿದಿತ್ತು. ಒಂದು ಸಂಧಿ ಓದಿ ಮುಗಿಸಿದ ಅಯ್ಯನವರು ತಟ್ಟನೆ ಬಾಯಿ ಮುಚ್ಚಿದರು. ಜನ ಕೈಮುಗಿದು ಕಣ್ಣು ಮುಚ್ಚಿದರು. ಅಯ್ಯನವರು ಒಂದೊಂದೇ ಹಾಳೆಯನ್ನು ಮೆಲ್ಲಗೆ, ತುಟಿ ಎರಡು ಮಾಡದೆ, ತಿರುವತೊಡಗಿದರು. ಪುರಾಣದ ಈ ಭಾಗ ಬಾಯಲ್ಲಿ ಹೇಳುವಂಥದ್ದಲ್ಲ, ಮನಸ್ಸಿಗೇ ಇಳಿಯುವಂಥದ್ದು, ಆಗ ಬೇಡಿಕೊಂಡದ್ದು ಆಗೇ ಆಗುತ್ತದೆ ಎಂದು ಊರಿನ ನಂಬಿಕೆ. ಕಣ್ಣು ತೆರೆದುಕೊಂಡಿದ್ದವರು ನಾವಿಬ್ಬರೇ. ನಾನು ಕುತೂಹಲಕ್ಕೆ ಓರೆಗಣ್ಣಿನಿಂದ ಪುಟ ನೋಡಿದೆ. ಈ ಹಾಳೆಗಳು ಪುರಾಣದ ಹಾಳೆಗಿಂತ ಎರಡು ಬೆರಳು ಗಿಡ್ಡ. ಕೊನೆಯ ಪುಟದ ಖಾಲಿ ಜಾಗದಲ್ಲಿ ಮೋದಕ ಹಿಡಿದ ಗಣಪತಿ. ಆತನ ಮೇಲೆ ‘ಹಣೆಯಲ್ಲಿ ಬರಹವಿಲ್ಲ, ಬೆವರಿದೆ’ ಎಂಬ ಸಾಲು.

ನಾನು “ಅಯ್ಯಯ್ಯೋ!” ಎಂದು ಕೂಗಿ ಎದ್ದು ನಿಂತುಬಿಟ್ಟೆ. ಭಕ್ತಿಯ ಆವೇಶವೆಂದು ಬಗೆದ ಮುದುಕಿಯೊಬ್ಬಳು ನನ್ನ ಹಣೆಗೆ ಬೆರಳ ತುಂಬ ವಿಭೂತಿ ಬಳಿದು, “ಪುಣ್ಯವಂತ ಅದಾನವ್ವ, ಮೊದಲ ಸಲಕ್ಕೇ ಒಲಿದ” ಎಂದು ನಮಸ್ಕರಿಸಿದಳು. ನಾಸ್ತಿಕನೊಬ್ಬನಿಗೆ ಇಂಥ ಸಾಕ್ಷಾತ್ಕಾರ ಇತಿಹಾಸದಲ್ಲಿ ಇನ್ನೊಂದು ಆಗಿದೆಯೋ ತಿಳಿಯದು.

ಮರುದಿನ ಬೆಳಿಗ್ಗೆ ಅಯ್ಯನವರೇ ಬಾಯಿಬಿಟ್ಟರು. “ಅದು ನನ್ನ ತಪ್ಪ ನೋಡ್ರಿ. ಹರೇದಾಗ ಆ ಪುಸ್ತಕ ಅಪ್ಪಾರಿಗೆ ಕಾಣಬಾರದಂತ ಪುರಾಣದಾಗ ಇಟ್ಟು ಓದತಿದ್ದೆ. ಪುರಾಣದ ಹೊಲಿಗಿ ಬಿಚ್ಚಿತ್ತು. ಅಪ್ಪಾರು ಅದನ್ನ ಕಟ್ಟಿಸಾಕ ಕೊಟ್ಟುಬಿಟ್ರು. ಕಟ್ಟೋನಿಗೆ ಓದಾಕ ಬರತಿದ್ದಿಲ್ಲ, ಎಲ್ಲಾ ಸೇರಿಸಿ ಹೊಲದ. ಆ ಶ್ರಾವಣದಾಗ ಜನರ ಮುಂದ ಆ ಹಾಳಿ ಬಂತು. ಓದಂಗಿಲ್ಲ, ಪುರಾಣದ ಹಾಳಿ ಹಾರಿಸಂಗಿಲ್ಲ. ಅಪ್ಪಾರು ಒಂದು ಸಲ ನನ್ನ ಮಾರಿ ನೋಡಿದ್ರು, ಸುಮ್ಮನ ತಿರುವಿಕೋತ ಹೋದ್ರು. ಜನ ಕೈ ಮುಗದ್ರು. ಅವತ್ತಿಂದ ಅದು ಮೌನಸಂಧಿ.”

ಕಿತ್ತು ಹಾಕಬಹುದಿತ್ತಲ್ಲ ಎಂದೆ.

“ಅಕ್ಷರ ಅದಾವಲ್ರಿ ಅದರಾಗ. ಅಪ್ಪಾರು ಅಕ್ಷರ ಇದ್ದ ಹಾಳಿ ಹರದವರಲ್ಲ.” ಅಯ್ಯನವರು ನಕ್ಕರು. “ಒಂದು ಮಾತು ನನಗ ಅನ್ನಲಿಲ್ಲ. ಆದರ ಸಾಯೋ ತನಕ ವರ್ಷಾ ವರ್ಷಾ ಆ ಹಾಳಿ ತಿರುವೋದು ನಿಧಾನ ಆಗಿಕೋತ ಹೋತು ನೋಡ್ರಿ. ಓದತಿದ್ರು.”

ಸಂಗ್ರಾಹಕನ ಜಾತಿ ನಿರ್ಲಜ್ಜ ಜಾತಿ. ಕಣ್ಣೊರೆಸಿಕೊಂಡು ಅದೇ ಉಸಿರಿನಲ್ಲಿ ಪುಸ್ತಿಕೆ ಕೇಳಿದೆ. ಅವರು ಒಪ್ಪಲಿಲ್ಲ. ನಾನು ನನ್ನ ಎರಡು ಡುಮ್ಕಿಗಳ ಕಥೆ ಹೇಳಿದೆ. ಬಹಳ ಹೊತ್ತು ವಿಚಾರ ಮಾಡಿ ಒಂದು ಕರಾರು ಹಾಕಿದರು: “ಬರೋ ಶ್ರಾವಣ ತಿಂಗಳ ಪೂರ್ತಿ ಬಂದು ಪುರಾಣ ಕೇಳ್ರಿ. ಆ ಹಾಳಿಗೋಳು ಇಷ್ಟು ವರ್ಷ ಪುರಾಣದ ಜೋಡಿ ಬಾಳ್ವೆ ಮಾಡ್ಯಾವು. ಅದನ್ನ ಕೇಳದ ಇವನ್ನ ಹೆಂಗ ಬಿಡಿಸಿಕೊಂಡು ಹೋಗತೀರಿ?”

ನ್ಯಾಯವಾದ ಮಾತು. ಮರುವರ್ಷ ಒಂದು ಸಂಜೆಯೂ ತಪ್ಪಿಸದೆ ಕೇಳಿದೆ. ಗಿರಿಜಾಳ ಸಂಭ್ರಮಕ್ಕೆ ಪಾರವಿರಲಿಲ್ಲ. ಗಂಡ ದಾರಿಗೆ ಬಂದನೆಂದು ಓಣಿಗೆಲ್ಲ ಸಾರಿದಳು. ಸುಳ್ಳೇಕೆ ಹೇಳಲಿ, ಕಥೆ ಸೊಗಸಾಗಿತ್ತು. ನಡುವೆ ಒಂದು ದಿನ ಜ್ವರ ಬಂದರೂ, ಮುಂದೇನಾಯಿತೋ ಎಂಬ ಕಾತರಕ್ಕೆ ಶಾಲು ಹೊದ್ದು ಬಸ್ಸು ಹತ್ತಿದ್ದೆ.

ಮೌನಸಂಧಿಯ ಸಂಜೆ ಅಯ್ಯನವರು ವ್ಯಾಸಪೀಠವನ್ನು ನನ್ನ ಕಡೆ ಸರಿಸಿ, “ಇವತ್ತ ಸಾಹೇಬ್ರು ಓದತಾರ” ಎಂದುಬಿಟ್ಟರು. ಜನ ಕೈಮುಗಿದು ಕಣ್ಣು ಮುಚ್ಚಿದರು. ನಾನು ‘ಹಣೆಬರಹಕ್ಕೆ ಶಾಯಿ ಎಲ್ಲಿಯದು?’ ಎಂಬುದನ್ನು ಮೊದಲ ಅಕ್ಷರದಿಂದ ಕೊನೆಯ ಗಣಪತಿಯವರೆಗೆ, ತುಟಿ ಎರಡು ಮಾಡದೆ, ಓದಿದೆ. ಕಿರಾಣಿ ಅಂಗಡಿಯ ಹಿಂದೆ ಕದ್ದು ಓದಿದ್ದನ್ನು ಈಗ ತುಂಬಿದ ಸಭೆಯಲ್ಲಿ, ದೀಪದ ಮುಂದೆ, ಯಾರ ಹೆದರಿಕೆಯೂ ಇಲ್ಲದೆ ಓದುತ್ತಿದ್ದೆ. ಕೆಮ್ಮಿದವರೂ ಇಲ್ಲ. ಆ ಅಚ್ಚುಕೂಟದ ಯಜಮಾನರಿಗೆ ಜೀವಮಾನದಲ್ಲಿ ಇಷ್ಟು ಗೌರವದ ಶ್ರೋತೃಗಳು ಸಿಕ್ಕಿರಲಾರರು. ಗೆದ್ದೆ ಎನ್ನಿಸಿತು, ಯಾರನ್ನೂ ಸೋಲಿಸದೆ ಗೆದ್ದೆ ಎನ್ನಿಸಿತು.

ಶ್ರಾವಣ ಮುಗಿದ ಮೇಲೆ ಅಯ್ಯನವರೇ ಹೊಲಿಗೆ ಬಿಚ್ಚಿ ಏಳನೆಯದನ್ನು ನನ್ನ ಕೈಗಿಟ್ಟು, ಅದರ ಜಾಗಕ್ಕೆ ಅಷ್ಟೇ ಖಾಲಿ ಹಾಳೆ ಸೇರಿಸಿ ಹೊಲಿದರು. ನನ್ನ ಮಾಲೆ ಪೂರ್ಣವಾಯಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಕಳೆದ ಶ್ರಾವಣದಲ್ಲಿ ಅಯ್ಯನವರಿಂದ ಒಂದು ಕಾರ್ಡು ಬಂತು. ಖಾಲಿ ಹಾಳೆಯಲ್ಲಿ ಓದುವುದೇನೂ ಇಲ್ಲದ್ದರಿಂದ ಅವರ ಕೈ ಸರಸರನೆ ತಿರುವಿಬಿಟ್ಟಿತಂತೆ. ನನಗೆ ವಿಭೂತಿ ಬಳಿದಿದ್ದ ಮುದುಕಿ ಸಭೆಯಲ್ಲೇ, “ಈ ಸಲದ ಮೌನದಾಗ ಏನೂ ಇಲ್ಲ ಬಿಡ್ರಿ ಅಯ್ಯಾರ” ಎಂದಳಂತೆ.

ಅದೇ ವಾರ ಏಳನೆಯ ಪುಸ್ತಿಕೆಯ ಝೆರಾಕ್ಸ್ ಮಾಡಿಸಿ, ದಪ್ಪ ಕಾಗದದ ಮೇಲೆ, ಗಣಪತಿಯ ಸಮೇತ, ಒಯ್ದು ಕೊಟ್ಟು ಬಂದೆ. ಈಗ ಅದು ಪುರಾಣದ ಒಡಲಿನಲ್ಲಿ ಮತ್ತೆ ಭದ್ರವಾಗಿದೆ, ಈ ಸಲ ತಪ್ಪಿನಿಂದಲ್ಲ, ಇಬ್ಬರ ಒಪ್ಪಿಗೆಯಿಂದ. ಈ ವರ್ಷದ ಮೌನ ಚೆನ್ನಾಗಿ ತುಂಬಿತ್ತೆಂದು ವರದಿ ಬಂದಿದೆ.

ಇದನ್ನೆಲ್ಲ ನೆನೆಯುತ್ತ ಮೊನ್ನೆಯ ಭಾನುವಾರ ಪುಸ್ತಿಕೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಸೇರಿಸಿದೆ. ಕೊನೆಗೆ ಉಳಿದದ್ದು ಏಳನೆಯದು. ಅದರ ಪ್ರತಿ ಹಾಳೆಯ ಕೆಳಮೂಲೆಯಲ್ಲಿ, ಒದ್ದೆ ಬೆರಳಿನಿಂದ ತಿರುವಿದ ಕಡೆ, ವಿಭೂತಿ ಬೆರೆತ ಮಾಸಲು ಗುರುತು. ಒಬ್ಬ ತಂದೆ ಮಗನನ್ನು ಏನೂ ಅನ್ನದೆ ವರ್ಷ ವರ್ಷ ಓದಿದ ಗುರುತು. ನಾನು ಅದನ್ನೆತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡೆ.

“ಮತ್ತ ಕಾಲು ತಾಗಿತೇನ್ರೀ?” ಒಳಗಿನಿಂದ ಗಿರಿಜಾ ಕೇಳಿದಳು.

“ಇಲ್ಲ” ಎಂದೆ.