ಡೈವಿಂಗ್ ದಂಡೆಯಿಂದ ಲಕ್ಷ್ಮೀಪುರಂಗೆ ಫೋನು

ಅಂಡಮಾನಿನ ಈ ರೆಸಾರ್ಟಿನಲ್ಲಿ ಮೈಸೂರಿನವರು ನಾನು, ನನ್ನ ಹೆಂಡತಿ ಇಬ್ಬರೇ ಎಂದುಕೊಂಡಿದ್ದೆ. ಇವತ್ತು ತಿಂಡಿಯ ಹೊತ್ತಿಗೆ ನಮ್ಮ ಪಕ್ಕದ ರೂಮಿನಲ್ಲೇ ಇದ್ದ, ಮೈಸೂರಿನದೇ ಲಕ್ಷ್ಮೀಪುರಂನ ಪ್ರಸಾದ್, ಸುಮಾ ದಂಪತಿಯ ಪರಿಚಯವಾಯಿತು. ಸುಮಾಗೆ ನೀರೆಂದರೆ ಭಯ. ಹಾಗಾಗಿ ಪ್ರಸಾದ್ ಒಬ್ಬರೇ ಸ್ಕೂಬಾ ಡೈವಿಂಗಿಗೆ ಹೋದರು.

ದೋಣಿ ವಾಪಸು ಬಂದಾಗ ಅವರನ್ನು ಹಲಗೆಯ ಮೇಲೆ ಮಲಗಿಸಿ ಎದೆ ಒತ್ತುತ್ತಿದ್ದರು. ರೆಸಾರ್ಟಿನ ಡಾಕ್ಟರು ಓಡಿಬಂದು ನೋಡಿದರು. ನೀರಿನಡಿಯಲ್ಲೇ ಹೃದಯ ನಿಂತುಹೋಗಿದೆ, ಪ್ರಾಣವಿಲ್ಲ ಎಂದರು.

ಅಲ್ಲೇ ಪಕ್ಕದಲ್ಲಿ, ಡೈವಿಂಗ್ ಕಲಿಸುವವರು ಮುಂದಿನ ತಂಡದವರನ್ನು ಸೊಂಟದಷ್ಟು ನೀರಿನಲ್ಲಿ ನಿಲ್ಲಿಸಿಕೊಂಡು, ಕೊಳವೆ ಕಚ್ಚಿ ಬಾಯಿಂದ ಉಸಿರಾಡುವುದನ್ನು ಕಲಿಸುತ್ತಲೇ ಇದ್ದರು.

ಸುಮಾ ಅಳಲಿಲ್ಲ. ಅತ್ತೆಯ ನಂಬರು ಒತ್ತಿ, ಫೋನನ್ನು ನನ್ನ ಕೈಗಿಟ್ಟರು.

"ನೀವೇ ಹೇಳ್ಬುಡಿ ಅಣ್ಣ, ನನ್ ಕೈಲಾಗಲ್ಲ."

ಆ ಕಡೆಯಿಂದ ಖುಷಿಯ ದನಿ ಬಂತು. "ಏನಮ್ಮ ಸುಮಾ, ಮೀನು ನೋಡ್ಕೊಂಡು ಬಂದ್ಬುಟ್ನಾ ಅವ್ನು?"

"ಅಮ್ಮ, ನಾನು ಪಕ್ಕದ ರೂಮಿನವನು. ಮನೇಲಿ ನಿಮ್ ಜೊತೆ ಯಾರಿದ್ದಾರೆ?" ಎಂದೆ.

ನಾನು ಪ್ರಸಾದರ ಹೆಸರೆತ್ತುವ ಮೊದಲೇ ಆಕೆಗೆ ಅರ್ಥವಾಗಿತ್ತು. ಒಡೆದ ದನಿಯಲ್ಲಿ ಹೇಳಿದರು:

"ನಾವು ಬರೋವರ್ಗೂ ಆ ಹುಡುಗೀನ ಒಬ್ಳ್ನೇ ಬಿಡ್ಬೇಡಿ ಕಣಪ್ಪ."