ಬಸ್ಸಿನಲ್ಲಿ ಸೋಸಿದ ಪುಂಡಿ

ಮೊನ್ನೆ ಸುರಪುರದಿಂದ ಶಹಾಪುರಕ್ಕೆ ಬರುವ ಸಂಜೆ ಬಸ್ಸಿನಲ್ಲಿ ಪುಂಡಿ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಯಾರದೋ ಕೈಚೀಲದಿಂದ ಸೊಪ್ಪಿನ ಕಟ್ಟು ಹೊರಗೆ ಇಣುಕುತ್ತಿತ್ತು. ನಿಂತವರ ಮೊಣಕಾಲಿಗೆ ತಿಕ್ಕಿ ಎಲೆಗಳು ಜಜ್ಜಿಹೋಗಿ, ಆ ಹಸಿ ಹುಳಿ ವಾಸನೆ ಸುತ್ತಲೂ ಹರಡಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ ಇತ್ತೀಚೆಗೆ ನೌಕರಿಗೆ ಸೇರಿದ ಟೀಚರು, ಮನೆಯಲ್ಲಿ ಸಣ್ಣ ಮಗುವಿದೆ. ಹತ್ತೇ ನಿಮಿಷದಲ್ಲಿ ಮಕ್ಕಳಿಗೆ ರಾತ್ರಿ ಅಡುಗೆ ಮಾಡುವುದು ಹೇಗೆ ಎಂಬ ವಿಡಿಯೋವನ್ನು ಮೊಬೈಲಿನಲ್ಲಿ ನೋಡುತ್ತಿದ್ದಳು. ಅದರಲ್ಲಿ ಫಳಫಳ ಹೊಳೆಯುವ ಅಡುಗೆಮನೆ, ತರಕಾರಿ ಹೆಚ್ಚಿಟ್ಟ ಗಾಜಿನ ಬಟ್ಟಲುಗಳು. ಆ ತರಕಾರಿ ತೊಳೆದವರು ಯಾರು, ಹೆಚ್ಚಿದವರು ಯಾರು ಎಂದು ಮಾತ್ರ ವಿಡಿಯೋದ ಆ ಮಹಾತಾಯಿ ಹೇಳಲಿಲ್ಲ. ನನಗೆ ನಗು ಬಂತು. ಅಷ್ಟರಲ್ಲಿ ಪುಂಡಿಯ ವಾಸನೆ ಮತ್ತೊಮ್ಮೆ ಬಂತು, ನಗು ಅಲ್ಲೇ ನಿಂತಿತು. ದೊಡ್ಡ ಟೀಚರ್ ನೆನಪಾದರು…

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಸುರಪುರದಲ್ಲಿ ಹುಡುಗಿಯರ ಶಾಲೆಯಲ್ಲಿ ಕಲಿಸುತ್ತಿದ್ದರು. ಶಹಾಪುರದಿಂದ ನೌಕರಿಗೆಂದು ದಿನಾ ಓಡಾಡುವ ನಮ್ಮಂಥ ನಾಲ್ಕಾರು ಹೆಣ್ಣುಮಕ್ಕಳಿಗೆಲ್ಲ ಹಿರಿಯರು, ಅದಕ್ಕೇ ದೊಡ್ಡ ಟೀಚರ್. ಎತ್ತರದ ಆಳು, ಗಟ್ಟಿ ದನಿ. ಸಂಜೆ ಬಸ್ ಹತ್ತುವಾಗ ಅವರ ಚೀಲದಲ್ಲಿ ಸೊಪ್ಪು ಇದ್ದೇ ಇರುತ್ತಿತ್ತು. ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಕೂತು ಮಾರುವ ಹೆಂಗಸರಿಂದ ಪುಂಡಿ, ಮೆಂತೆ, ರಾಜಗಿರಿ, ಯಾವುದು ತಾಜಾ ಇದೆಯೋ ಅದನ್ನು ಕೊಂಡು, ಕೂತ ಕೂಡಲೇ ಮಡಿಲಲ್ಲಿ ಹಳೇ ಪೇಪರು ಹಾಸಿ ಸೋಸಲು ಶುರು ಮಾಡುತ್ತಿದ್ದರು. ಶಹಾಪುರದ ಗುಡ್ಡ ಕಾಣುವಷ್ಟರಲ್ಲಿ ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ. ಕಡ್ಡಿಗಳು ಬಸ್ ಸ್ಟ್ಯಾಂಡಿನ ಆಡುಗಳ ಪಾಲು.

"ಟೀಚರ್ರಿ, ಒಗ್ಗರಣಿನೂ ಇಲ್ಲೇ ಹಾಕಿಬಿಡ್ರಿ, ನಮಗೂ ಒಂದೀಟು ಸಿಗ್ತದ," ಎಂದು ಕಂಡಕ್ಟರ್ ಕಾಲೆಳೆಯುತ್ತಿದ್ದ.

"ನೀ ಮೊದಲ ಬಸ್ ಟೈಮಿಗಿ ಬಿಡಪ, ಆಮ್ಯಾಲ ಒಗ್ಗರಣಿ ವಿಚಾರ ಮಾಡಮು," ಎನ್ನುತ್ತಿದ್ದರು ದೊಡ್ಡ ಟೀಚರ್, ಕೈ ನಿಲ್ಲಿಸದೆ.

ಮನೆ ತುಂಬ ಜನರಿರಬೇಕು, ಹೋದ ಕೂಡಲೇ ಅಡುಗೆಯಾಗಬೇಕು, ಅದಕ್ಕೇ ಈ ಅವಸರ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ನನಗಾಗ ನೌಕರಿ ಹೊಸದು, ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಗಂಡನಿಗೆ ಯಾದಗಿರಿಯಲ್ಲಿ ಕೆಲಸ, ಅವರು ಬರುವುದು ನನಗಿಂತ ತಡ. ಹಗಲೆಲ್ಲ ಮಗಳನ್ನು ಮನೆ ಮಾಲೀಕರ ಹೆಂಡತಿ ನೋಡಿಕೊಳ್ಳುತ್ತಿದ್ದರು. ಅವರನ್ನು ನಾವು ಖಾಲಾ ಎನ್ನುತ್ತಿದ್ದೆವು, ತುಂಬ ಅಂತಃಕರಣದ ಹೆಂಗಸು. ನಾನು ಏದುಸಿರು ಬಿಡುತ್ತ ಮನೆಗೆ ಬಂದು, ಕೈಕಾಲು ತೊಳೆದು, ಸೊಪ್ಪು ಸೋಸಿ, ಬೇಳೆ ಬೇಯಿಸಿ, ರೊಟ್ಟಿಗೆ ಹಿಟ್ಟು ಕಲಸುವ ಹೊತ್ತಿಗೆ ಖಾಲಾ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳುತ್ತಿದ್ದರು: "ಬಚ್ಚಿ ಸೋಗಯಿ ಬೇಟಾ. ಬಿಸ್ಕೂಟ್ ಖಾಲೇಕೊ ಸೋಗಯಿ."

ಬಿಸ್ಕೂಟು ತಿಂದು ಮಲಗಿದ ಮಗುವನ್ನು ಎಬ್ಬಿಸಿದರೆ ಅಳು, ಎಬ್ಬಿಸದಿದ್ದರೆ ಉಪವಾಸ. ಬಿಸಿ ರೊಟ್ಟಿಯನ್ನು ಗಂಡ ಹೆಂಡತಿ ಇಬ್ಬರೇ ಉಣ್ಣುತ್ತಿದ್ದೆವು. ಮಗಳ ಕೈಕಾಲು ಕಡ್ಡಿಯಾದವು. ಮೇಲಿಂದ ಮೇಲೆ ಜ್ವರ. ಡಾಕ್ಟರು ಅವಳ ತೋಳು ಹಿಡಿದು ನೋಡಿ, "ಸಂಜೀಕ ಬಿಸ್ಕೀಟು, ಮಲಗೋ ಮುಂದ ಹಾಲು. ಇಷ್ಟರ ಮ್ಯಾಲೇ ಕೂಸು ಬೆಳೀಬೇಕೇನ್ರಿ?" ಎಂದು ಎಲ್ಲರೆದುರು ಬೈದರು.

ಸುದ್ದಿ ತಿಳಿದು ಸೈದಾಪುರದಿಂದ ನನ್ನ ತಾಯಿ ಬಂದಳು. ಮೊಮ್ಮಗಳ ಬೆನ್ನು ಸವರಿ, ಎಲುಬು ಕೈಗೆ ಹತ್ತಿದ್ದಕ್ಕೆ ಕಣ್ಣೀರು ಹಾಕಿದಳು. ನೌಕರಿಯನ್ನಾದರೂ ಬಿಡು, ಇಲ್ಲವೇ ಕೂಸನ್ನು ನನಗೆ ಕೊಡು, ಒಂದು ವರ್ಷ ಉಣಿಸಿ ತಿನಿಸಿ ಕಳಿಸುತ್ತೇನೆ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಂಡನೂ ಒಪ್ಪಿದರು. ಭಾನುವಾರ ಮತ್ತೆ ಬಂದು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಆವತ್ತು ರಾತ್ರಿಯೇ ಮಗಳ ಅಂಗಿಗಳನ್ನು ಮಡಚಿ ಚೀಲಕ್ಕೆ ತುಂಬಿದೆ.

ಮರುದಿನ ಬಸ್ಸಿನಲ್ಲಿ ದೊಡ್ಡ ಟೀಚರ್ ಪಕ್ಕದಲ್ಲಿ ಜಾಗ ಸಿಕ್ಕಿತು. ಅವರು ಪುಂಡಿ ಸೋಸುತ್ತಿದ್ದರು. ನನ್ನ ಮುಖ ನೋಡಿ, ಏನಾಗಿದೆ ಎಂದು ಕೇಳಿದರು.

"ಐತಾರ ಮಗಳನ್ನ ನಮ್ಮ ಅವ್ವನ ಊರಿಗಿ ಕಳಸಾಕತ್ತೀನ್ರಿ ಟೀಚರ್. ಒಂದ್ ವರ್ಷ ಅಷ್ಟೇರಿ. ಸ್ವಲ್ಪ ದೊಡ್ಡಾಕಿ ಆಗ್ಲಿ ಅಂತ…"

ಅವರ ಕೈ ನಿಂತಿತು. ಅವರ ಕೈ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. ಮಡಿಲಿನ ಎಲೆಗಳು ಕಿಟಕಿಯ ಗಾಳಿಗೆ ಹಾರಿ ಕೆಳಗೆ ಬೀಳುತ್ತಿದ್ದರೂ ಹಿಡಿಯಲಿಲ್ಲ.

"ನಾನೂ ಒಂದ್ ವರ್ಷ ಅಂತನೇ ಕಳಿಸಿದ್ದೆ," ಎಂದರು.

ಆಮೇಲೆ ಹೇಳಿದರು. ಗಂಡ ತೀರಿಹೋದ ಮೇಲೆ ಈ ನೌಕರಿ ಸಿಕ್ಕಿತ್ತು. ಮಗಳು ತೊಡೆ ಮೇಲಿನ ಕೂಸು. ಸಂಜೆ ಅಡುಗೆಯಾಗುವ ಮುಂಚೆ ಅದೂ ಹಸಿದೇ ಮಲಗುತ್ತಿತ್ತು. ಗುರುಮಠಕಲ್ಲಿನಲ್ಲಿದ್ದ ತಾಯಿಯ ಹತ್ತಿರ ಬಿಟ್ಟು ಬಂದರು. ವರ್ಷ ಕಳೆದು ಕರೆದುಕೊಂಡು ಬರಲು ಹೋದರೆ ಮಗು ಅಜ್ಜಿಯ ಸೀರೆಯ ಹಿಂದೆ ಅಡಗಿತು.

"ನನ್ನ ನೋಡಿ ಅಂಜಿ ಅತ್ತಳು. ಈಗ ಬ್ಯಾಡ, ಮುಂದಿನ ವರ್ಷ ಕರಕೊಂಡು ಬರಮು ಅಂತ ತಿರುಗಿ ಬಂದೆ. ಆ ಮುಂದಿನ ವರ್ಷ ಬರ್ಲೇ ಇಲ್ಲ ನೋಡವ್ವ." ಅಷ್ಟು ಹೇಳಿ ಮತ್ತೆ ಎಲೆ ಕೀಳಲು ಶುರು ಮಾಡಿದರು. "ಮಗಳನ್ನ ಕಳಿಸಬ್ಯಾಡ. ನೌಕರಿನೂ ಬಿಡಬ್ಯಾಡ. ನಿನಗ ಬೇಕಾಗಿದ್ದು ಸಂಜೀಕ ಅರ್ಧ ತಾಸು. ಅದನ್ನ ನಾ ಕೊಡ್ತೀನಿ."

ಅವರ ಮನೆಯಲ್ಲಿ ಕಾಯುವವರು ಯಾರೂ ಇಲ್ಲವೆಂದು ನನಗೆ ತಿಳಿದದ್ದು ಆವತ್ತು. ಹಾಗಾದರೆ ಇಷ್ಟು ದಿನ ಆ ಸೊಪ್ಪು ಯಾರಿಗೆ ಹೋಗುತ್ತಿತ್ತು? ಕೇಳಿದೆ. ಬಸ್ಸಿನಲ್ಲಿ ಯಾರಾದರೂ ಬಸುರಿಯೋ ಬಾಣಂತಿಯೋ ಕಂಡರೆ ಕೊಟ್ಟು ಇಳಿಯುತ್ತಿದ್ದರಂತೆ. "ಕೈ ಸುಮ್ಮನಿದ್ರ ಮನಸ್ಸು ಸುಮ್ಮನಿರಂಗಿಲ್ಲ," ಎಂದರು.

ಆವತ್ತು ಶಹಾಪುರದಲ್ಲಿ ಇಳಿಯುವಾಗ ಸೋಸಿದ ಪುಂಡಿಯನ್ನು ನನ್ನ ಚೀಲಕ್ಕೆ ಸುರಿದರು. ಅದಕ್ಕೂ ಮೊದಲು ಬಾಯಿಪಾಠ ಮಾಡಿಸಿದ್ದರು. ಮುಂಜಾನೆ ಹೊರಡುವಾಗಲೇ ಒಂದು ಹಿಡಿ ತೊಗರಿ ಬೇಳೆ, ಒಂದು ಹಿಡಿ ಜೋಳದ ನುಚ್ಚು ನೆನೆಹಾಕಿ ಬರಬೇಕು. ಸಂಜೆ ಹೋದ ಕೂಡಲೇ, ಚಪ್ಪಲಿ ಬಿಟ್ಟ ಕಾಲಲ್ಲೇ, ಅದನ್ನೂ ಸೊಪ್ಪನ್ನೂ ಕೂಡಿಸಿ ಕುಕ್ಕರಿಗೆ ಹಾಕಬೇಕು. ಮುಖ ತೊಳೆಯುವುದು ಆಮೇಲೆ. ಮೆಣಸಿನಕಾಯಿ ಬೇರೆ ಒಗ್ಗರಣೆಯಲ್ಲಿ, ದೊಡ್ಡವರ ಪಾಲಿಗೆ ಮಾತ್ರ. ರೊಟ್ಟಿ ಬಡಿಯುತ್ತ ಕೂರಬಾರದು. ಭಾನುವಾರ ಮಾಡಿಟ್ಟ ಖಡಕ್ ರೊಟ್ಟಿಯನ್ನು ಮುರಿದು ಬಿಸಿ ಪುಂಡಿಯಲ್ಲಿ ನೆನೆಸಿ, ಮೇಲೆ ಒಂದು ಚಮಚ ತುಪ್ಪ ಹಾಕಿದರೆ ಕೂಸಿಗೆ ಹಲ್ಲಿಗೂ ಸುಲಭ, ಹೊಟ್ಟೆಗೂ ಹಗುರ.

"ಮತ್ತ ಕೂಸಿಗಿ ಒಂದು ಕೆಲಸ ಕೊಡು. ಬೆಳ್ಳುಳ್ಳಿ ಸುಲಿಯಾಕ ಕೂಡ್ಸು. ಕೆಲಸ ಇದ್ರ ನಿದ್ದಿ ಹತ್ರ ಸುಳಿಯಂಗಿಲ್ಲ. ಗಂಡಗೂ ಒಂದು ಹೇಳು, ಬಂದ ಕೂಡ್ಲೇ ಪೇಪರ್ ಹಿಡಕೊಂಡು ಕುಂದ್ರಬ್ಯಾಡ ಅಂತ."

ಮರುದಿನ ಅವರು ಹೇಳಿದಂತೆಯೇ ಬೇಳೆ, ನುಚ್ಚು ನೆನೆಹಾಕಿ ಹೋದೆ. ಸಂಜೆ ಮಗಳು ಅಡುಗೆಮನೆಯ ನೆಲದ ಮೇಲೆ ಕೂತು, ನಾಲಿಗೆ ಹೊರಗೆ ಚಾಚಿ, ಒಂದು ಬೆಳ್ಳುಳ್ಳಿ ಎಸಳಿನ ಜೊತೆ ಗುದ್ದಾಡಿದಳು. ಅದರ ಸಿಪ್ಪೆ ಪೂರ್ತಿ ಬಿಡುವಷ್ಟರಲ್ಲಿ ಕುಕ್ಕರ್ ಇಳಿದಿತ್ತು. ಊದಿ ಊದಿ ತಣ್ಣಗೆ ಮಾಡಿ ಮೊದಲ ತುತ್ತು ಇಟ್ಟೆ. ಹುಳಿಗೆ ಒಂದು ಕಣ್ಣು ಮುಚ್ಚಿದಳು, ನುಂಗಿದಳು, ಮತ್ತೆ ಬಾಯಿ ತೆರೆದಳು. ಖಾಲಾ ಬಂದು ನೋಡಿ, ಮಗು ಎಚ್ಚರವಿದ್ದು ಉಣ್ಣುತ್ತಿರುವುದನ್ನು ಕಂಡು ಬಾಗಿಲಲ್ಲೇ ಕುಳಿತುಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಭಾನುವಾರ ಬಂದ ನನ್ನ ತಾಯಿ ಸೈದಾಪುರಕ್ಕೆ ಒಬ್ಬಳೇ ತಿರುಗಿ ಹೋದಳು.

ಅಲ್ಲಿಂದ ನನ್ನ ಮನೆಯ ರಾತ್ರಿ ಊಟ ಬಸ್ಸಿನಲ್ಲೇ ಶುರುವಾಗತೊಡಗಿತು. ಒಂದು ದಿನ ಪುಂಡಿ, ಒಂದು ದಿನ ಹೆಸರುಬೇಳೆಗೆ ಮೆಂತೆ, ಒಂದು ದಿನ ನುಚ್ಚಿಗೆ ಮಜ್ಜಿಗೆ. ಚಳಿಗಾಲದಲ್ಲಿ ಹಸಿ ತೊಗರಿಕಾಯಿ ಬಂದರೆ ದೊಡ್ಡ ಟೀಚರ್ ಅಕ್ಕಪಕ್ಕದವರ ಮಡಿಲಿಗೂ ಒಂದೊಂದು ಹಿಡಿ ಸುರಿಯುತ್ತಿದ್ದರು. ಹತ್ತಿಗುಡೂರು ದಾಟುವಷ್ಟರಲ್ಲಿ ಅರ್ಧ ಬಸ್ಸು ಕಾಯಿ ಸುಲಿಯುತ್ತಿತ್ತು, ಟಿಕೆಟ್ ಹರಿದು ಮುಗಿದರೆ ಕಂಡಕ್ಟರನೂ. ಮಗಳ ಕೆನ್ನೆ ತುಂಬಿಕೊಂಡಿತು. ಡಾಕ್ಟರರ ದವಾಖಾನೆಯ ದಾರಿ ನಿಧಾನಕ್ಕೆ ಮರೆತುಹೋಯಿತು.

ಒಂದೇ ಒಂದು ಸಲ ಬಂದು ನಮ್ಮ ಜೊತೆ ಉಣ್ಣಿರಿ ಎಂದು ಎಷ್ಟೋ ಬಾರಿ ಕರೆದೆ. ಹಗಲು ಬಂದು ಚಹಾ ಕುಡಿದು ಹೋದದ್ದುಂಟು, ಮಗಳಿಗೆ ಪೇರಲಹಣ್ಣು ತಂದುಕೊಟ್ಟದ್ದುಂಟು. ಊಟದ ಹೊತ್ತಿಗೆ ಮಾತ್ರ ಒಲ್ಲೆ ಎನ್ನುವರು. ಬಹಳ ಕಾಡಿದ ಮೇಲೆ ಒಮ್ಮೆ ಹೇಳಿದರು: "ಸಣ್ಣ ಕೂಸು ಉಣ್ಣೋದು ಕುಂತು ನೋಡಾಕ ನನ್ನ ಕೈಲೆ ಆಗಂಗಿಲ್ಲ. ನೀ ಉಣ್ಸು. ಉಂಡಾಳ ಅಂತ ನಾಳಿಗಿ ಹೇಳು, ಸಾಕು." ಮರುದಿನ ಬಸ್ಸಿನಲ್ಲಿ ನಾನು ಹೇಳುತ್ತಿದ್ದೆ. ಎಷ್ಟು ತುತ್ತು, ಏನು ರಗಳೆ, ಎಲ್ಲ. ಅವರು ತಲೆ ತಗ್ಗಿಸಿ ಸೊಪ್ಪು ಸೋಸುತ್ತ ಕೇಳುತ್ತಿದ್ದರು.

ಒಂದು ರಜೆಯ ದಿನ ಅವರ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಮೂಲೆಯಲ್ಲಿ ಸ್ಟೋವು. ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ, ಒಂದು ಲೋಟ ಮೊಸರು. ಅಡುಗೆಯ ಸುಳಿವೇ ಇಲ್ಲ. ಇದೇನು ಟೀಚರ್ ಎಂದರೆ, "ಒಬ್ಬಾಕಿಗಿ ಏನ್ ಅಡಿಗಿ ಮಾಡ್ಲವ್ವ," ಎಂದು ನಕ್ಕರು.

ನಿವೃತ್ತಿಯಾದ ಮೇಲೆ ಅವರಿಲ್ಲದ ಬಸ್ಸು ನನಗೆ ಬಹಳ ದಿನ ರೂಢಿಯಾಗಲಿಲ್ಲ. ಆಗೊಮ್ಮೆ ಈಗೊಮ್ಮೆ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು, ಕೈಯಲ್ಲಿ ಸೋಸಿದ ಸೊಪ್ಪಿನ ಗಂಟು. ಮಗಳು ಹೈಸ್ಕೂಲಿಗೆ ಬಂದಿದ್ದಳು, ತಾನೇ ಅಡುಗೆ ಮಾಡಿಡುತ್ತಿದ್ದಳು, ಆದರೂ ನಾನು ಬೇಡವೆನ್ನಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ, ಮಲಗಿದಲ್ಲೇ, ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟರು…

ದಿನಕರ್ಮ ಮುಗಿದ ಮೇಲೆ ಗುರುಮಠಕಲ್ಲಿನಿಂದ ಅವರ ಮಗಳು ಮನೆ ಖಾಲಿ ಮಾಡಲು ಬಂದಿದ್ದಳು. ನನ್ನನ್ನು ಹುಡುಕಿಕೊಂಡು ಮನೆಗೆ ಬಂದಳು. ತಾಯಿಯದೇ ಎತ್ತರ. ಕನ್ನಡದಲ್ಲಿ ತೆಲುಗಿನ ರಾಗ. ಚಹಾ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ಮಾತಿಗೆ ಶುರು ಮಾಡಿದಳು.

"ನಾ ಆಕಿಗಿ ಟೀಚರ್ ಅಂತಲೇ ಕರೀತಿದ್ದೆ ಅಕ್ಕಾ. ಊರಾಗ ಎಲ್ಲಾರೂ ಹಂಗೇ ಅಂತಿದ್ರು. ಅವ್ವ ಅಂದ್ರ ನನಗ ನಮ್ಮ ಅಜ್ಜಿನೇ. ಸೂಟಿಗಿ ಬಂದ್ರ ಆಕಿ ಸೊಪ್ಪು ಸೋಸಿ ಕೊಡ್ತಿದ್ಳು, ಅಜ್ಜಿ ಅಡಿಗಿ ಮಾಡ್ತಿದ್ಳು. ಆಕಿ ಕೈ ಅಡಿಗಿ ನಾ ಒಂದಿನಾನೂ ಉಂಡಿಲ್ಲ. ಹೆಂಗಿರ್ತಿತ್ತು ಅಕ್ಕಾ?"

ಕೂರು ಎಂದು ಹೇಳಿ ಒಳಗೆ ಹೋಗಿ ಕುಕ್ಕರ್ ಇಟ್ಟೆ. ಮನೆಯಲ್ಲಿ ಪುಂಡಿ ಇತ್ತು. ಕಲಬುರಗಿಯಲ್ಲಿ ಓದುವ ನನ್ನ ಮಗಳು ರಜೆಗೆ ಬಂದಿದ್ದಳು. ಖಡಕ್ ರೊಟ್ಟಿ ಮುರಿದು ನೆನೆಸಿ, ತುಪ್ಪ ಹಾಕಿ ತಟ್ಟೆ ತಂದಿಟ್ಟವಳು ಅವಳೇ. "ಉಣ್ರಿ ಅಕ್ಕಾ. ನಮ್ಮ ಮನ್ಯಾಗ ಇದಕ್ಕ ದೊಡ್ಡ ಟೀಚರ್ ಪುಂಡಿ ಅಂತೀವಿ. ನಾ ಇದನ್ನ ಉಂಡೇ ದೊಡ್ಡಾಕಿ ಆಗೀನಿ," ಎಂದಳು.

ಆಕೆ ಮೊದಲ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮಗಳ ಮುಖವನ್ನು ನೋಡಿದಳು. ಅಸೂಯೆಯೋ ದುಃಖವೋ ನನಗೆ ತಿಳಿಯಲಿಲ್ಲ, ಎರಡೂ ಇದ್ದರೆ ಅದು ನ್ಯಾಯವೇ. ಆಮೇಲೆ ಉಂಡಳು. ಒಂದು ಕಣ್ಣು ಮುಚ್ಚಿ ಹುಳಿ ನುಂಗಿದಳು. ತಟ್ಟೆ ಖಾಲಿಯಾದ ಮೇಲೆ ಕೇಳಿದಳು: "ಆಕಿ ಮಾಡಿದ್ರ ಹಿಂಗೇ ಇರ್ತಿತ್ತಾ ಅಕ್ಕಾ?"

"ಹೂಂನವ್ವ, ಹಿಂಗೇ ಇರ್ತಿತ್ತು," ಎಂದೆ.

ಅವರ ಕೈರುಚಿ ನನಗೆಲ್ಲಿ ಗೊತ್ತು? ನನಗೆ ಗೊತ್ತಿದ್ದದ್ದು ಅವರ ಮಾತು, ಅವರು ಸೋಸಿದ ಸೊಪ್ಪು. ಬೇಯಿಸಿದ್ದು, ಉಪ್ಪು ಹಾಕಿದ್ದು ನನ್ನ ಕೈ. ಎಷ್ಟೋ ಮನೆಗಳ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗುವ ಹಾಗೆ ಮಾಡಿದ ಆ ಹೆಂಗಸಿನ ಕೈಯಡುಗೆಯನ್ನು ಉಂಡವರು, ನನಗೆ ತಿಳಿದ ಮಟ್ಟಿಗೆ, ಯಾರೂ ಉಳಿದಿಲ್ಲ.

ಮೊನ್ನೆ ಬಸ್ಸಿನಲ್ಲಿ ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ಹತ್ತಿಗುಡೂರಿನ ಹತ್ತಿರ ಫೋನು ಬಂತು, ಗುರುಮಠಕಲ್ಲಿನಿಂದ. ಆಕೆ ಆಗಾಗ ಮಾಡುತ್ತಾಳೆ. ನುಚ್ಚು ಎಷ್ಟು, ಹುಳಿ ಜಾಸ್ತಿಯಾದರೆ ಏನು ಮಾಡಬೇಕು, ಇಂಥವೇ ಮಾತು. ಅವಳಿಗೂ ಇಬ್ಬರು ಸಣ್ಣ ಮಕ್ಕಳು, ಅವಳಿಗೂ ಸಂಜೆಯ ಗಡಿಬಿಡಿ.

"ಅಕ್ಕಾ, ಇವತ್ತ ಅವ್ವನ ಪುಂಡಿ ಮಾಡೀನಿ. ಹುಡುಗ್ರು ಎರಡೂ ಉಂಡಾವ," ಎಂದಳು.

ಅಜ್ಜಿಯ ಮಾತೇನೋ ಎಂದು ಒಂದು ಕ್ಷಣ ಅಂದುಕೊಂಡೆ. ಆಮೇಲೆ ತಿಳಿಯಿತು, ಟೀಚರನ್ನೇ ಅವ್ವ ಎಂದಿದ್ದಳು. ಉಂಡರು ಎಂದು ಹೇಳಿದರೆ ಸಾಕು ಎನ್ನುತ್ತಿದ್ದವರು, ಆ ಇನ್ನೊಂದು ಮಾತಿಗಾಗಿ ಜೀವಮಾನವಿಡೀ ಕಾದವರು, ಕೂರುತ್ತಿದ್ದ ಕಿಟಕಿ ಪಕ್ಕದ ಸೀಟಿನಲ್ಲಿ ಈಗ ಬೇರೆ ಯಾರೋ ಕೂತಿದ್ದರು. ಅವರ ಬದಲಿಗೆ ನಾನೇ ಹೂಂ ಎಂದೆ.